ಡಿಎನ್‌ಎಸ್ ಫಿಲ್ಟರ್‌ಗೆ ಹೊಸ ಆವೃತ್ತಿ ಹಾಕುವಾಗ ಮಾಡಲೇಬೇಕಾದ ಪರೀಕ್ಷೆಗಳು

ಯಾದಗಿರಿ ಜಿಲ್ಲೆಯ ಶಹಾಪುರದ ಪ್ರೌಢಶಾಲೆಯೊಂದರ ಕಂಪ್ಯೂಟರ್ ಕೋಣೆಯನ್ನು ನೋಡಿಕೊಳ್ಳುವ ನನಗೆ, ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಮಕ್ಕಳಿಂದ ಒಂದೇ ದೂರು ಬರುತ್ತಿತ್ತು: “ಸರ್, ನೆಟ್ ಅದ, ಆದ್ರ ಒಂದೂ ಪೇಜ್ ಓಪನ್ ಆಗವಲ್ದು.”

ಕಂಪ್ಯೂಟರ್‌ಗಳು ಯುಪಿಎಸ್ ಮೇಲೆ ಚಾಲೂ ಇರುತ್ತಿದ್ದವು, ರೌಟರ್ ಮಾತ್ರ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ತಾಣದ ಹೆಸರು ಕೊಟ್ಟರೆ ಅದರ ಸಂಖ್ಯಾ ವಿಳಾಸ ಹೇಳುವ ವ್ಯವಸ್ಥೆಯೇ ಡಿಎನ್‌ಎಸ್. ಬೇಡದ ತಾಣಗಳನ್ನು ತಡೆಯುವ ಫಿಲ್ಟರ್ ತಂತ್ರಾಂಶವು ಜಾಲತಾಣಗಳ ವಿಳಾಸ ಕೇಳುವ ಪ್ರತಿಯೊಂದು ಕೋರಿಕೆಯನ್ನೂ 127.0.0.1ರಲ್ಲಿ, ಅಂದರೆ ಅದೇ ಕಂಪ್ಯೂಟರಿನೊಳಗೆ ತಡೆದು, ತನ್ನ ಸರ್ವರ್‌ಗೆ ಕಳುಹಿಸುತ್ತದೆ. ಕಡಿದುಹೋದ ಹಳೆಯ ಸಂಪರ್ಕವನ್ನೇ ಅದು ಹಿಡಿದುಕೊಂಡು ಕುಳಿತರೆ ಯಾವ ತಾಣದ ಹೆಸರಿಗೂ ಉತ್ತರ ಸಿಗುವುದಿಲ್ಲ. ಹೊಸ ಆವೃತ್ತಿ ಸಂಪರ್ಕ ಬದಲಾದುದನ್ನು ತಾನೇ ಗುರುತಿಸುತ್ತದೆಯೇ ಎಂಬುದೇ ನಾವು ಪರೀಕ್ಷಿಸಬೇಕಾದ ಮುಖ್ಯ ಸಂಗತಿ.

ಮೊದಲು ಅಳವಡಿಕೆಯ ಕಡತವನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ, ಏಕೆಂದರೆ ಹಳೆಯದನ್ನು ತೆಗೆಯುವಾಗ ಅಂತರ್ಜಾಲವೇ ನಿಂತುಹೋಗಬಹುದು. ಫಿಲ್ಟರ್ ಇಲ್ಲದಿದ್ದಾಗ ಬಳಸಬೇಕಾದ ಡಿಎನ್‌ಎಸ್ ವಿಳಾಸವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಒಂದೇ ಕಂಪ್ಯೂಟರಿಗೆ ಹಾಕಿ, ಎರಡು ದಿನ ನೋಡಿದ ನಂತರವೇ ಉಳಿದವಕ್ಕೆ ಕೈಹಾಕಿ. ಮಕ್ಕಳ ಪರೀಕ್ಷೆಯ ವಾರದಲ್ಲಂತೂ ಈ ಕೆಲಸ ಬೇಡ. ಅಳವಡಿಸಿದ ಮೇಲೆ ‘ಶಟ್‌ಡೌನ್’ ಅಲ್ಲ, ‘ರೀಸ್ಟಾರ್ಟ್’ ಒತ್ತಿರಿ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಮಾಡಿದರೂ ವ್ಯವಸ್ಥೆ ಪೂರ್ತಿ ಹೊಸದಾಗಿ ಆರಂಭವಾಗುವುದಿಲ್ಲ.

ಪರದೆಯ ಮೂಲೆಯಲ್ಲಿ ಫಿಲ್ಟರಿನ ಹಸಿರು ಗುರುತು ಕಂಡ ಮಾತ್ರಕ್ಕೆ ನಂಬಬೇಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಎನ್‌ಎಸ್‌ಲುಕಪ್ (nslookup) ಆದೇಶದೊಂದಿಗೆ ಒಂದು ತಾಣದ ಹೆಸರು ಕೊಟ್ಟು, ಉತ್ತರಿಸಿದ ಸರ್ವರ್ 127.0.0.1 ಹೌದೇ ಎಂದು ನೋಡಿ. ಆಮೇಲೆ ರೌಟರಿನ ಸ್ವಿಚ್ ಆರಿಸಿ ಎರಡು ನಿಮಿಷ ಬಿಟ್ಟು ಹಾಕಿ, ಹಾಗೆಯೇ ಕಂಪ್ಯೂಟರನ್ನು ನಿದ್ರಾಸ್ಥಿತಿಗೆ ಕಳುಹಿಸಿ ಎಬ್ಬಿಸಿ. ಎರಡೂ ಸಲ ನೀವು ಏನನ್ನೂ ಒತ್ತದೆಯೇ ಪುಟಗಳು ತೆರೆಯಬೇಕು, ನಿರ್ಬಂಧಿಸಿದ ತಾಣ ತೆರೆಯಬಾರದು.

ನಮ್ಮಲ್ಲಿ ಒಂದು ಕಂಪ್ಯೂಟರ್ ಮಾತ್ರ ಹೊಸ ಆವೃತ್ತಿಗೂ ಬಗ್ಗಲಿಲ್ಲ. ಅರ್ಧ ದಿನ ಹುಡುಕಿದ ಮೇಲೆ ಪರದೆಯ ಮೂಲೆಯ ದಿನಾಂಕ ಕಣ್ಣಿಗೆ ಬಿತ್ತು: 2015ರ ಜನವರಿ. ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಸೆಲ್ ಸತ್ತಿತ್ತು. ದಿನಾಂಕ ತಪ್ಪಿದರೆ, ಸರ್ವರ್ ಅಸಲಿ ಎಂದು ತೋರಿಸುವ ಪ್ರಮಾಣಪತ್ರ ಊರ್ಜಿತವಲ್ಲವೆಂದು ಫಿಲ್ಟರ್ ಸಂಪರ್ಕವನ್ನೇ ನಿರಾಕರಿಸುತ್ತದೆ. ಸೆಲ್ ಬದಲಿಸಿ ಗಡಿಯಾರ ಸರಿಪಡಿಸಿದೊಡನೆ ಎಲ್ಲವೂ ನೆಟ್ಟಗಾಯಿತು.

ಇನ್ನು ಸೋರಿಕೆ, ಅಂದರೆ ಕೋರಿಕೆಗಳು ಫಿಲ್ಟರಿನ ಕೈತಪ್ಪಿ ಹೋಗುವುದು. ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ ‘ಸುರಕ್ಷಿತ ಡಿಎನ್‌ಎಸ್’ (ಬ್ರೌಸರ್ ತಾನೇ ಗೂಢಲಿಪಿಯಲ್ಲಿ ವಿಳಾಸ ಕೇಳುವ ಸೌಲಭ್ಯ) ಚಾಲೂ ಇದ್ದರೆ ಕೋರಿಕೆ ಫಿಲ್ಟರಿನ ಮೂಲಕ ಹೋಗದೆ ನೇರ ಹೊರಗೆ ಹೋಗಬಹುದು, ಅದನ್ನು ಆಫ್ ಮಾಡಿಡಿ. ಮೊಬೈಲ್ ಹಾಟ್‌ಸ್ಪಾಟ್ ಬಳಸುವವರು ಐಪಿವಿ6 (ಹೊಸ ಬಗೆಯ ಅಂತರ್ಜಾಲ ವಿಳಾಸ ಪದ್ಧತಿ) ಮೂಲಕ ಹೋಗುವ ಕೋರಿಕೆಗಳೂ ಫಿಲ್ಟರಿಗೇ ಹೋಗುತ್ತಿವೆಯೇ ಎಂದು ನೋಡಬೇಕು. ರೌಟರಿನಲ್ಲಿ ಡಿಎನ್‌ಎಸ್ ಕೋರಿಕೆಗಳು ಹೊರಹೋಗುವ ದಾರಿಗಳಾದ 53 ಮತ್ತು 853ನೆಯ ಪೋರ್ಟ್‌ಗಳನ್ನು ಮುಚ್ಚಬಹುದು, ಆದರೆ ನಿಮ್ಮ ಫಿಲ್ಟರ್ ಅವನ್ನೇ ಬಳಸುತ್ತಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಿ.

ಫಿಲ್ಟರ್ ಕೆಟ್ಟಾಗ ಅಂತರ್ಜಾಲ ನಿಲ್ಲಬೇಕೋ ಮುಂದುವರಿಯಬೇಕೋ ಎಂಬ ಆಯ್ಕೆ ಇದ್ದರೆ, ಮಕ್ಕಳಿರುವಲ್ಲಿ ನಾನು ನಿಲ್ಲಲೆಂದೇ ಇಡುತ್ತೇನೆ. ಜನ ಅರ್ಜಿ ತುಂಬಲು ಸರದಿ ನಿಲ್ಲುವ ಅಂಗಡಿಯಾದರೆ ಮುಂದುವರಿಯುವುದೇ ಮೇಲು. ಹಳೆಯ ಆವೃತ್ತಿಯ ಕಡತವನ್ನು ಒಂದು ತಿಂಗಳಾದರೂ ಅಳಿಸಬೇಡಿ.