ಚದುರಂಗದ ನಡೆಯನ್ನು ಬರೆದಿಡುವ ಬಗೆ: ನನ್ನ ಅನುಭವ

ನಾನು ಆಡಿದ ಆಟಗಳನ್ನು ಕೂಡಿಟ್ಟು ಮತ್ತೆ ಮಣೆಯ ಮೇಲೆ ನೋಡಲು ಒಂದು ಸಣ್ಣ ತಂತ್ರಾಂಶ ಬರೆದುಕೊಂಡೆ. ಮಣೆ ಬಿಡಿಸಿ ಕಾಯಿ ಸರಿಸುವ ಕೆಲಸ ಒಂದು ವಾರದಲ್ಲಿ ಮುಗಿಯಿತು. ನಡೆಯನ್ನು ಯಾವ ರೂಪದಲ್ಲಿ ಉಳಿಸುವುದು ಎಂಬ ಪ್ರಶ್ನೆ ಮಾತ್ರ ತಿಂಗಳುಗಟ್ಟಲೆ ಕಾಡಿತು.

ಪಂದ್ಯದ ಹಾಳೆಯಲ್ಲಿ ಬರೆಯುವಂತೆಯೇ ಇಡೋಣ ಎಂದು ಹೊರಟೆ. ಮಣೆಯ ಉದ್ದಸಾಲುಗಳಿಗೆ ಎಯಿಂದ ಎಚ್‌ವರೆಗೆ ಅಕ್ಷರ, ಅಡ್ಡಸಾಲುಗಳಿಗೆ 1ರಿಂದ 8ರವರೆಗೆ ಅಂಕಿ; 'ಎನ್ ಎಫ್3' ಎಂದರೆ ಕುದುರೆ ಎಫ್3 ಮನೆಗೆ ಬಂತು. 1993ರಲ್ಲಿ ಸ್ಟೀವನ್ ಎಡ್ವರ್ಡ್ಸ್ ರೂಪಿಸಿದ, ಆಟಗಳನ್ನು ಪಠ್ಯವಾಗಿ ಬರೆದಿಡುವ ಪಿಜಿಎನ್ ಕಡತಗಳಲ್ಲೂ ಇದೇ ಪದ್ಧತಿ. ಓದಲು ಹಿತ. ಆದರೆ ಕುದುರೆ ಎಲ್ಲಿಂದ ಬಂತೆಂದು ಅದು ಹೇಳುವುದಿಲ್ಲ. ಮಣೆ ನೋಡಿ ನಾವೇ ತಿಳಿದುಕೊಳ್ಳಬೇಕು.

ಮೊದಲ ಪೆಟ್ಟು ಅಕ್ಷರದ ಗಾತ್ರದಿಂದ ಬಿತ್ತು. ಕಡತ ಓದುವಾಗ ಎಲ್ಲವನ್ನೂ ಇಂಗ್ಲಿಷಿನ ಸಣ್ಣಕ್ಷರಕ್ಕೆ ಇಳಿಸುತ್ತಿದ್ದೆ. ದೊಡ್ಡ ಬಿ ಎಂದರೆ ಒಂಟೆ, ಸಣ್ಣ ಬಿ ಎಂದರೆ ಬಿ ಸಾಲಿನ ಕಾಲಾಳು. ಸಿ3ರಲ್ಲಿದ್ದ ಕಾಯಿಯನ್ನು ಒಂಟೆ ಹೊಡೆಯಬೇಕಾದಲ್ಲಿ ಕಾಲಾಳು ಹೊಡೆಯಿತು. ಕನ್ನಡದ ಅಕ್ಷರಗಳಲ್ಲಿ ಇಂಥ ಸಣ್ಣದು ದೊಡ್ಡದು ಇಲ್ಲ. ಅದಕ್ಕೇ ನನಗೆ ಹೊಳೆಯಲಿಲ್ಲವೇನೋ! ರಾಜನೂ ಆನೆಯೂ ಒಂದೇ ನಡೆಯಲ್ಲಿ ಸರಿಯುವ, ಕೋಟೆ ಕಟ್ಟುವ ನಡೆಯೂ ಹೀಗೆಯೇ ಸತಾಯಿಸಿತು: ಪಿಜಿಎನ್‌ನಲ್ಲಿ ಅದಕ್ಕೆ 'ಓ' ಅಕ್ಷರ, ವಿಶ್ವ ಚದುರಂಗ ಒಕ್ಕೂಟವಾದ ಫಿಡೆಯ ನಿಯಮ ಪುಸ್ತಕದಲ್ಲಿ ಸೊನ್ನೆ.

ನಿದ್ದೆ ಕೆಡಿಸಿದ್ದು ನಿಮ್ಜೊ-ಇಂಡಿಯನ್ ಎಂಬ, ಆಟ ಶುರುಮಾಡುವ ಒಂದು ಬಗೆ. ಬಿಳಿಯ ಒಂದು ಕುದುರೆ ಸಿ3ರಲ್ಲಿ, ಇನ್ನೊಂದು ಜಿ1ರಲ್ಲಿ. ಎರಡಕ್ಕೂ ಇ2 ಮನೆ ಎಟುಕುತ್ತದೆ. ಹಾಗಾಗಿ 'ಜಿ ಸಾಲಿನ ಕುದುರೆ ಇ2ಕ್ಕೆ' ಎಂದು ನನ್ನ ತಂತ್ರಾಂಶ ಬರೆಯುತ್ತಿತ್ತು. ಆದರೆ ಬಿ4ರಲ್ಲಿ ಕಪ್ಪು ಒಂಟೆ ಕೂತಿದೆ. ಸಿ3ರ ಕುದುರೆ ಅಲುಗಿದರೆ ರಾಜನಿಗೇ ಶಹ, ಆದ್ದರಿಂದ ಅದು ಕದಲುವಂತಿಲ್ಲ. ಹಾಗಿರುವಾಗ 'ಜಿ' ಸೇರಿಸಬಾರದು ಎನ್ನುತ್ತದೆ ಪಿಜಿಎನ್ ನಿಯಮ. ಪುಸ್ತಕ ಬರೆಯುವವರು ಓದುಗರ ಅನುಕೂಲಕ್ಕೆ ಸೇರಿಸಿಯೇ ಬರೆಯುವುದುಂಟು. ಅಂದರೆ ಒಂದು ನಡೆಯ ಹೆಸರು ಬರೆಯಲು ರಾಜನ ಸುರಕ್ಷತೆಯನ್ನೂ ಲೆಕ್ಕ ಹಾಕಬೇಕು. ಉಳಿಸಿಡುವ ರೂಪಕ್ಕೆ ಇಷ್ಟು ರಗಳೆ ಬೇಡವೆಂದು ಅಂದೇ ತೀರ್ಮಾನಿಸಿದೆ.

ಚದುರಂಗ ಆಡುವ ತಂತ್ರಾಂಶಗಳಾದ ಎಂಜಿನ್‌ಗಳ ಜೊತೆ ಮಾತಾಡಲು 2000ದಲ್ಲಿ ಬಂದ ಯುಸಿಐ ಕ್ರಮದಲ್ಲಿ ಹೊರಟ ಮನೆ, ಸೇರಿದ ಮನೆ, ಎರಡೇ: 'ಇ2ಇ4'. ಕಾಲಾಳು ಕೊನೆಯ ಸಾಲು ಮುಟ್ಟಿ ಬೇರೆ ಕಾಯಿಯಾಗಿ ಬಡ್ತಿ ಪಡೆದರೆ ಕೊನೆಗೊಂದು ಅಕ್ಷರ. ಯಾವ ಕಾಯಿ ಎಂಬುದನ್ನೂ ಹೇಳದ ಈ ಜಿಪುಣತನ ನನಗೆ ಹಿಡಿಸಿತು. ಇನ್ನೂ ಒಂದು ಹೆಜ್ಜೆ ಹೋಗಿ ಅಂಕಿಯನ್ನೇ ಇಟ್ಟೆ. ಎ1 ಸೊನ್ನೆ, ಎಚ್8 ಅರವತ್ತಮೂರು. ಒಂದು ನಡೆಗೆ 16 ಬಿಟ್, ಅಂದರೆ ಎರಡು ಬೈಟ್: ಹೊರಟ ಮನೆಗೆ 6 ಬಿಟ್, ಸೇರಿದ ಮನೆಗೆ 6, ಬಡ್ತಿಗೆ ಉಳಿದ 4. ಇ2 ಎಂದರೆ 12, ಇ4 ಎಂದರೆ 28. ಇಪ್ಪತ್ತೆಂಟನ್ನು 64ರಿಂದ ಗುಣಿಸಿ 12 ಕೂಡಿಸಿದರೆ 1804. ನನ್ನ ಕಡತದಲ್ಲಿ ರಾಜನ ಮುಂದಿನ ಕಾಲಾಳಿನ ಎರಡು ಮನೆ ಜಿಗಿತವೆಂದರೆ ಇಷ್ಟೇ. ಎರಡೂ ಕಡೆಯವರು ನಲವತ್ತು ನಲವತ್ತು ನಡೆ ಆಡಿದ ಆಟ 160 ಬೈಟ್‌ನಲ್ಲಿ ಮುಗಿಯುತ್ತದೆ.

ಕೋಟೆಯನ್ನು ಮಾತ್ರ 'ರಾಜ ತನ್ನದೇ ಆನೆಯ ಮನೆಗೆ ಹೋದ' ಎಂದು ಬರೆದಿಡುತ್ತೇನೆ. ಹಿಂದಿನ ಸಾಲಿನ ಕಾಯಿಗಳನ್ನು ಕಲಸಿ ಜೋಡಿಸಿ ಆಡುವ ಚೆಸ್960ರಲ್ಲಿ ಕೋಟೆ ಕಟ್ಟುವಾಗ ರಾಜ ಒಂದೇ ಮನೆ ಸರಿಯಬಹುದು. ಹೊರಟ ಮನೆ, ಸೇರಿದ ಮನೆ ನೋಡಿದರೆ ಅದು ಬರಿಯ ರಾಜನ ನಡೆಯಂತೆಯೇ ಕಾಣುತ್ತದೆ.

ಪಿಜಿಎನ್ ಈಗ ಆಮದು ರಫ್ತಿಗೆ ಮಾತ್ರ. ಓದುವಾಗ ಸಡಿಲವಾಗಿದ್ದೇನೆ: ಸೊನ್ನೆಯಾದರೂ ಸರಿ, ಹೆಚ್ಚುವರಿ 'ಜಿ' ಆದರೂ ಸರಿ. ಬರೆಯುವಾಗ ಮಾತ್ರ ಮಡಿ.

ಪರದೆಯ ಮೇಲೆ ಕನ್ನಡ ಬೇಕೆನಿಸಿತು. ಕಾಯಿಗಳ ಸಂಕೇತಕ್ಕೆ ಆಟಗಾರರು ತಮ್ಮ ನಾಡಿನ ಹೆಸರು ಬಳಸಲು ಫಿಡೆಯ ನಿಯಮವೂ ಒಪ್ಪುತ್ತದೆ. ಆದರೆ ರಾಜನಿಗೂ ರಾಣಿಗೂ 'ರಾ'! ಇಂಗ್ಲಿಷಿನಲ್ಲಿ ಕಿಂಗ್ ಮತ್ತು ನೈಟ್ ಎರಡೂ ಕೆ ಅಕ್ಷರದಿಂದ ಶುರುವಾಗುವುದರಿಂದಲೇ ಕುದುರೆಗೆ ಎನ್ ಬಂದದ್ದು. ನನಗೆ ಹಳೆಯ ಹೆಸರೇ ಸಾಕಾಯಿತು: ರಾಣಿಯನ್ನು ಮಂತ್ರಿ ಎಂದು ಕರೆದು 'ಮಂ' ಎಂದು ಬರೆದೆ. ಆನೆಗೆ ಆ, ಒಂಟೆಗೆ ಒಂ, ಕುದುರೆಗೆ ಕು.