ಎಚ್‌ಯುಐಡಿ ಓದಿದರೆ ಸಾಲದು, ಹೊಂದಿಸಿ ನೋಡಿ

ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕ್ ನೋಡಬೇಕು ಅಂತ ಈಗ ಎಲ್ಲರಿಗೂ ಗೊತ್ತು. ಹೇಗೆ ನೋಡಬೇಕು ಅನ್ನುವಲ್ಲೇ ತುಂಬಾ ಜನ ಎಡವುತ್ತಾರೆ. ನಮ್ಮ ಚಿಕ್ಕಮ್ಮ ಬಳೆ ಕೊಳ್ಳುವಾಗ ಅದರ ಎಚ್‌ಯುಐಡಿಯನ್ನು, ಅಂದರೆ ಪ್ರತಿ ಒಡವೆಗೂ ಬೇರೆಯಾಗಿ ಕೊಡುವ ಗುರುತಿನ ಸಂಖ್ಯೆಯನ್ನು, ಆ್ಯಪ್‌ನಲ್ಲಿ ಹಾಕಿದರು, ಏನೋ ವಿವರ ಬಂತು, ‘ಸರಿ ಇದೆ’ ಅಂತ ಫೋನ್ ಬ್ಯಾಗಿಗೆ ಸೇರಿಸಿದರು. ನಾನು ಇಸಕೊಂಡು ನೋಡಿದರೆ ಪರದೆಯ ಮೇಲೆ ಇದ್ದದ್ದು ಉಂಗುರದ ವಿವರ! ಅಂಗಡಿಯವರು ಬೇರೆ ಬಳೆ ತಂದುಕೊಟ್ಟರು, ಕಾರಣ ಮಾತ್ರ ಹೇಳಲಿಲ್ಲ.

1. ಒಡವೆಯ ಮೇಲೆ ಮೂರು ಗುರುತು ಹುಡುಕಿ: ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಲಾಂಛನ, ಶುದ್ಧತೆ (22ಕೆ916, 18ಕೆ750 ಹೀಗೆ; 916 ಅಂದರೆ ಸಾವಿರ ಭಾಗದಲ್ಲಿ 916 ಭಾಗ ಚಿನ್ನ), ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ. ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಕೇಳಿ. ಅದನ್ನು ಅಂಗಡಿಯವರೇ ಇಟ್ಟಿರಬೇಕು, ಸಂಕೋಚ ಬೇಡ. 2 ಗ್ರಾಂಗಿಂತ ಕಡಿಮೆ ತೂಕದ್ದಕ್ಕೆ ಹಾಲ್‌ಮಾರ್ಕ್ ಕಡ್ಡಾಯ ಇಲ್ಲ. ‘916 ಕೆಡಿಎಂ’ ಅಂತ ಮಾತ್ರ ಒತ್ತಿದ್ದರೆ ಕೆಳಗಿಟ್ಟು ಬನ್ನಿ. ಕೆಡಿಎಂ ಅಂದರೆ ಕ್ಯಾಡ್ಮಿಯಂ ಬೆಸುಗೆಯ ಮಾತು, ಶುದ್ಧತೆಯ ಮುದ್ರೆಯಲ್ಲ.

2. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ವೆರಿಫೈ ಎಚ್‌ಯುಐಡಿ ಒತ್ತಿ, ಸಂಖ್ಯೆ ಹಾಕಿ. ನಿಮ್ಮ ಫೋನಲ್ಲೇ ಹಾಕಿ.

3. ಮುಖ್ಯ ಕೆಲಸ ಇರುವುದು ಇಲ್ಲಿ. ಸಂಖ್ಯೆ ನಿಜ ಅಂದರೆ ಒಡವೆ ನಿಜ ಅಂತಲ್ಲ. ಇನ್ನೊಂದು ಒಡವೆಯ ಅಸಲಿ ಸಂಖ್ಯೆಯನ್ನೇ ಕದ್ದು ಕೆತ್ತಿಸಿದರೂ ಆ್ಯಪ್ ವಿವರ ತೋರಿಸುತ್ತೆ, ಅಲ್ವಾ? ಹಾಗಾಗಿ ಒಂದೊಂದೇ ಹೊಂದಿಸಿ. ಒಡವೆಯ ಬಗೆ ಏನಂತಿದೆ, ಬಳೆಯೋ ಸರವೋ ಉಂಗುರವೋ? ಕೈಯಲ್ಲಿರುವುದು ಅದೇನಾ? ಶುದ್ಧತೆ ಒಡವೆಯ ಮೇಲಿನ ಮುದ್ರೆಗೂ ಅಂಗಡಿಯವರ ಮಾತಿಗೂ ತಾಳೆ ಆಗುತ್ತಾ? ಹಾಲ್‌ಮಾರ್ಕ್ ಮಾಡಿದ ಕೇಂದ್ರ ಮತ್ತು ದಿನಾಂಕ ಇದೆಯಾ? ವ್ಯಾಪಾರಿಯ ಹೆಸರು ನೀವು ನಿಂತಿರುವ ಅಂಗಡಿಯದ್ದಲ್ಲದಿದ್ದರೆ ಗಾಬರಿಯಾಗಬೇಡಿ, ಸಗಟು ವ್ಯಾಪಾರಿ ಮುದ್ರೆ ಹಾಕಿಸಿರಬಹುದು. ಆದರೆ ಬಗೆ ಅಥವಾ ಶುದ್ಧತೆ ತಪ್ಪಿದರೆ ಯಾವ ಸಮಜಾಯಿಷಿಯನ್ನೂ ಒಪ್ಪಬೇಡಿ. ಕೆತ್ತನೆ ತುಂಬಾ ಸಣ್ಣದು, 8 ಮತ್ತು ಬಿ, 5 ಮತ್ತು ಎಸ್ ಅದಲು ಬದಲಾಗುತ್ತವೆ. ವಿವರ ಬರದಿದ್ದರೆ ಮೊದಲು ಇನ್ನೊಮ್ಮೆ ಓದಿ ನೋಡಿ. ಕೊನೆಗೆ ಪರದೆಯ ಸ್ಕ್ರೀನ್‌ಶಾಟ್, ಮುದ್ರೆಯ ಫೋಟೊ ಎರಡೂ ತೆಗೆದಿಟ್ಟುಕೊಳ್ಳಿ.

4. ಬಿಲ್‌ನಲ್ಲಿ ಒಡವೆಯ ವಿವರ, ನಿವ್ವಳ ತೂಕ, ಕ್ಯಾರೆಟ್, ಹಾಲ್‌ಮಾರ್ಕ್ ಶುಲ್ಕ ಬೇರೆ ಬೇರೆ ಇರಲಿ. ಶುಲ್ಕ ಒಂದು ಒಡವೆಗೆ 45 ರೂಪಾಯಿ, ಮೇಲೆ ಜಿಎಸ್‌ಟಿ. ತೂಕ ಎಷ್ಟಿದ್ದರೂ ಅಷ್ಟೇ. ಎಚ್‌ಯುಐಡಿಯನ್ನೂ ಬರೆಸಿಕೊಳ್ಳಿ.

5. ಅನುಮಾನ ಬಂದರೆ ಬಿಐಎಸ್ ಮಾನ್ಯತೆ ಪಡೆದ ಅಸೇಯಿಂಗ್ (ಶುದ್ಧತೆ ಪರೀಕ್ಷಿಸುವ) ಕೇಂದ್ರಕ್ಕೆ ಹೋಗಿ. ವಿನೆಗರ್, ಆಯಸ್ಕಾಂತ ಎಲ್ಲ ಸುಮ್ನೆ ಸಮಯ ಹಾಳು. ತಾಮ್ರ, ಬೆಳ್ಳಿಯೂ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಗಡಿಯ ಕ್ಯಾರೆಟ್ ಮೀಟರ್ ಕೂಡ ಎಕ್ಸ್‌ರೇ ಹಾಯಿಸಿ ಮೇಲ್ಪದರವನ್ನು ಮಾತ್ರ ಓದುತ್ತೆ, ದಪ್ಪ ಲೇಪ ಇದ್ದರೆ ಮೋಸ ಹೋಗುತ್ತೆ. ಕೊನೆಯ ಮಾತು ಬೆಂಕಿ ಪರೀಕ್ಷೆಯದ್ದು. ಒಡವೆಯಿಂದ ಚೂರು ತೆಗೆದು ತೂಗಿ, ಬೆಳ್ಳಿ ಬೆರೆಸಿ, ಸೀಸದ ಹಾಳೆಯಲ್ಲಿ ಸುತ್ತಿ, ಸುಮಾರು ಸಾವಿರ ಡಿಗ್ರಿಯ ಕುಲುಮೆಗೆ ಹಾಕುತ್ತಾರೆ. ತಾಮ್ರದಂಥ ಬೆರಕೆ ಸೀಸದ ಜೊತೆ ಹೋಗುತ್ತೆ. ಉಳಿದ ಗುಂಡನ್ನು ತೆಳ್ಳಗೆ ತಟ್ಟಿ ಸುರುಳಿ ಮಾಡಿ ನೈಟ್ರಿಕ್ ಆಮ್ಲದಲ್ಲಿ ಬೇಯಿಸಿದರೆ ಬೆಳ್ಳಿಯೂ ಕರಗಿ ಚಿನ್ನ ಮಾತ್ರ ಉಳಿಯುತ್ತೆ, ಅದನ್ನು ತೂಗುತ್ತಾರೆ. ಒಡವೆಗೆ ಸ್ವಲ್ಪ ಗಾಯ ಆಗುತ್ತೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿ. ಬಿಐಎಸ್ ಅಧಿಕಾರಿಗಳು ಅಂಗಡಿಗಳಿಂದ ಮಾದರಿ ಎತ್ತಿ ತಮ್ಮ ಲ್ಯಾಬ್‌ಗಳಲ್ಲಿ ಮಾಡಿಸುವುದೂ ಇದನ್ನೇ.

6. ಶುದ್ಧತೆಯಲ್ಲಿ ಕೊರತೆ ಕಂಡರೆ ಅದೇ ಆ್ಯಪ್‌ನಲ್ಲಿ ದೂರು ಕೊಡಿ, ಬಿಲ್, ಫೋಟೊ, ವರದಿ ಎಲ್ಲ ಸೇರಿಸಿ. 2018ರ ಬಿಐಎಸ್ ನಿಯಮಗಳ ಪ್ರಕಾರ ಕೊರತೆಯ ಮೌಲ್ಯದ ಎರಡು ಪಟ್ಟು ಮತ್ತು ಪರೀಕ್ಷೆಯ ಖರ್ಚು ಗ್ರಾಹಕರಿಗೆ ಸಿಗಬೇಕು. 20 ಗ್ರಾಂ ಬಳೆಗೆ 916 ಅಂತ ಹೇಳಿ 875 ಬಂದಿದ್ದರೆ ಕೊರತೆ 0.82 ಗ್ರಾಂ, ಅಂದರೆ 1.64 ಗ್ರಾಂ ಚಿನ್ನದ ಬೆಲೆ ನಿಮ್ಮ ಹಕ್ಕು. ‘ತಂದುಕೊಡಿ, ಪಾಲಿಶ್ ಮಾಡಿ ಸರಿಮಾಡ್ತೀವಿ’ ಅಂತ ಅಂಗಡಿಯಿಂದ ಫೋನ್ ಬಂದರೆ, ದೂರು ಮುಗಿಯುವವರೆಗೂ ಒಡವೆ ಕೊಡಬೇಡಿ.