ವೇರಿಯಬಲ್‌ಗೆ ‘ಲಿನಕ್ಸ್’ ಎಂದು ಹೆಸರಿಡುವ ಮುನ್ನ

ಲಿನಕ್ಸ್ ಗಣಕದಲ್ಲಿ ಜಿಸಿಸಿ ಕಂಪೈಲರ್ ಬಳಸಿ ಸಿ ಪ್ರೋಗ್ರಾಂ ಬರೆಯುವವರು, ಸಣ್ಣ ಅಕ್ಷರಗಳ ‘ಲಿನಕ್ಸ್’ ಅಥವಾ ‘ಯುನಿಕ್ಸ್’ ಎಂಬ ಹೆಸರನ್ನು ಯಾವ ವೇರಿಯಬಲ್‌ಗೂ ಇಡದಿರುವುದು ಒಳ್ಳೆಯದು. ಇವೆರಡೂ ಕಂಪೈಲರ್ ತಾನಾಗಿಯೇ 1 ಎಂದು ಡಿಫೈನ್ ಮಾಡಿಟ್ಟಿರುವ ಮ್ಯಾಕ್ರೊಗಳು, ಅಂದರೆ ಕೋಡ್‌ನಲ್ಲಿ ಕಂಡಲ್ಲೆಲ್ಲ ತಮ್ಮ ಬೆಲೆಗೆ ಬದಲಾಗುವ ಹೆಸರುಗಳು. ಹಾಗಾಗಿ, ನಾವು ಬರೆದ ‘ಇಂಟ್ ಲಿನಕ್ಸ್ = 5;’ ಎಂಬ ಸಾಲು, ಕಂಪೈಲ್‌ಗೂ ಮುನ್ನ ಈ ಬದಲಾವಣೆ ಮಾಡುವ ಪ್ರಿಪ್ರೊಸೆಸರ್ ಹಂತವನ್ನು ದಾಟುವಷ್ಟರಲ್ಲಿ ‘ಇಂಟ್ 1 = 5;’ ಆಗಿಬಿಟ್ಟಿರುತ್ತದೆ. ಸಂಖ್ಯೆಗೆ ಮುನ್ನ ಹೆಸರೊಂದು ಇರಬೇಕಿತ್ತು ಎಂಬರ್ಥದ ದೋಷಸಂದೇಶ ಬಂದಾಗ, ಆ ಜಾಗದಲ್ಲಿ ಸಂಖ್ಯೆಯೇ ಇಲ್ಲವಲ್ಲ ಎಂದು ನಾನೊಮ್ಮೆ ಅರ್ಧ ದಿನ ತಲೆ ಕೆಡಿಸಿಕೊಂಡಿದ್ದೆ.

ಇಂತಹ ಅನುಮಾನ ಬಂದಾಗ ಖಾಲಿ ಸಿ ಫೈಲೊಂದನ್ನು ‘-ಡಿಎಂ -ಇ’ ಆಯ್ಕೆಗಳೊಂದಿಗೆ (ಡಿ ಮಾತ್ರ ಸಣ್ಣಕ್ಷರ) ಜಿಸಿಸಿಗೆ ಕೊಟ್ಟರೆ, ಮೊದಲೇ ಡಿಫೈನ್ ಆಗಿರುವ ನೂರಾರು ಮ್ಯಾಕ್ರೊಗಳ ಪಟ್ಟಿ ತೆರೆಯ ಮೇಲೆ ಮೂಡುತ್ತದೆ. ‘-ಎಸ್‌ಟಿಡಿ=ಸಿ11’ ಎಂದು ಸೇರಿಸಿ, ಸಿ11 ಮಾನಕವನ್ನು ಕಟ್ಟುನಿಟ್ಟಾಗಿ ಪಾಲಿಸಲು ಹೇಳಿದರೆ ಬರಿಯ ‘ಲಿನಕ್ಸ್’ ಆ ಪಟ್ಟಿಯಿಂದ ಮರೆಯಾಗಿ, ‘__ಲಿನಕ್ಸ್__’ನಂತಹ ಅಂಡರ್‌ಸ್ಕೋರ್ ಸಹಿತ ರೂಪಗಳು ಮಾತ್ರ ಉಳಿಯುತ್ತವೆ; ವೇದಿಕೆಯನ್ನು (ಆಪರೇಟಿಂಗ್ ಸಿಸ್ಟಂ ಯಾವುದೆಂದು) ಪರೀಕ್ಷಿಸಲು ಬಳಸಬೇಕಾದದ್ದೂ ಇವನ್ನೇ. ಆದರೆ ಈ ಕಟ್ಟುನಿಟ್ಟಿಗೆ ಒಂದು ಬೆಲೆಯಿದೆ: ‘ಪಿಓಪನ್’, ‘ಫೈಲ್‌ನೋ’ ಮುಂತಾದ ಪೋಸಿಕ್ಸ್ (ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನಕ) ಫಂಕ್ಷನ್‌ಗಳ ಘೋಷಣೆಗಳೂ ಜೊತೆಗೇ ಅಡಗುತ್ತವೆ. ಅವು ಬೇಕಾದಲ್ಲಿ, ಎಲ್ಲ ಇನ್‌ಕ್ಲೂಡ್ ಸಾಲುಗಳಿಗೂ ಮೊದಲೇ ‘_ಪೋಸಿಕ್ಸ್_ಸಿ_ಸೋರ್ಸ್’ ಅನ್ನು 200809ಎಲ್ ಎಂದು ಡಿಫೈನ್ ಮಾಡಬೇಕು.

ಎರಡು ಅಂಡರ್‌ಸ್ಕೋರ್‌ಗಳಿಂದಾಗಲಿ, ಒಂದು ಅಂಡರ್‌ಸ್ಕೋರ್ ಮತ್ತು ದೊಡ್ಡಕ್ಷರದಿಂದಾಗಲಿ ಆರಂಭವಾಗುವ ಹೆಸರುಗಳನ್ನು ಸಿ ಮಾನಕವು ಕಂಪೈಲರ್ ಮತ್ತು ಲೈಬ್ರರಿಗಳಿಗೆಂದೇ ಮೀಸಲಿಟ್ಟಿದೆ. ಒಂದೇ ಹೆಡರ್ ಫೈಲ್ ಎರಡು ಬಾರಿ ಸೇರದಂತೆ ತಡೆಯಲು ಬಳಸುವ ಮ್ಯಾಕ್ರೊಗಳಾದ ಹೆಡರ್ ಗಾರ್ಡ್‌ಗಳಲ್ಲಿ ಈ ನಿಯಮವನ್ನು ನಮ್ಮಲ್ಲಿ ಬಹಳಷ್ಟು ಮಂದಿ ಮುರಿಯುತ್ತಲೇ ಇದ್ದೇವೆ.